500 ಬ್ಯಾಗಿನ ಆರ್ಡರ್: ಹಿಡಿಯಲೋ ಬಿಡಲೋ?

ಪ್ರಶ್ನೆ ಕೇಳಿದವರು: ಮನೆಯಲ್ಲೇ ಒಂದು ಮೆಷಿನ್ ಇಟ್ಟುಕೊಂಡು ಮೂರು ವರ್ಷದಿಂದ ಕೇಳಿದ ಅಳತೆಗೆ ಕ್ಯಾನ್ವಾಸ್ ಬ್ಯಾಗ್ ಹೊಲಿದು ಕೊಡುತ್ತಿದ್ದೇನೆ. ಈಗ ಒಬ್ಬರೇ 500 ಕೇಳುತ್ತಿದ್ದಾರೆ, ಎರಡು ತಿಂಗಳಲ್ಲಿ ಬೇಕಂತೆ. ಇನ್ನೆರಡು ಮೆಷಿನ್ ಹಾಕಿ ಜನ ಇಟ್ಟುಕೊಳ್ಳಲಾ, ಹೊರಗೆ ಹೊಲಿಯೋಕೆ ಕೊಡಲಾ?

ನೂಲುಂಡೆ: ನಾನು ಹೀಗೇ 300 ಏಪ್ರನ್ ಒಪ್ಪಿಕೊಂಡಿದ್ದೆ. ಒಂದಕ್ಕೆ 25 ನಿಮಿಷ ಅಂತ ರೇಟ್ ಹೇಳಿದೆ. ಅದು ಬರೀ ಹೊಲಿಯೋ ಹೊತ್ತು! ಕಟಿಂಗ್ 6 ನಿಮಿಷ, ದಾರ ಕತ್ತರಿಸಿ ಇಸ್ತ್ರಿ ಮಾಡಿ ಮಡಚೋಕೆ 9, ಬಾಬಿನ್‌ಗೆ (ಕೆಳಗಿನ ದಾರದ ಉರುಳೆ) ದಾರ ತುಂಬೋದು, ತಪ್ಪು ಬಿಚ್ಚೋದು ಅಂತ ಇನ್ನೊಂದು 3. ಒಟ್ಟು 43. ಅಂದರೆ 300ಕ್ಕೆ 90 ಗಂಟೆ ಪುಕ್ಕಟೆ ದುಡಿದೆ. ಮೇಲಿಂದ ಹತ್ತಿ ಬಟ್ಟೆ ನೆನೆಸದೆ ಕತ್ತರಿಸಿದ್ದೆ, ಒಂದೇ ಒಗೆತಕ್ಕೆ ನೂರಕ್ಕೆ ಐದರಷ್ಟು ಕುಗ್ಗಿ 112 ಪೀಸ್ ವಾಪಸ್ ಬಂತು. ಆ ಮೂಟೆ ಇನ್ನೂ ಅಟ್ಟದ ಮೇಲಿದೆ, ಇಳಿಸೋಕೆ ಮನಸ್ಸಿಲ್ಲ.

ಕತ್ತರಿಕೈ: ನೆನೆಸದೆ ಕತ್ತರಿಸಿದ್ದು ನಿಮ್ಮ ತಪ್ಪು, ಆರ್ಡರಿನದ್ದಲ್ಲ. ನಾನು ಎರಡು ಮೆಷಿನ್ ಹಾಕಿದೆ, ಇವತ್ತು ಏಳಿವೆ. ಮೊದಲು ಕ್ಲಚ್ ಮೋಟರಿನ ಹಳೇದು ತಂದಿದ್ದೆ. ಹೊಲಿಯದೆ ಕೂತಿದ್ದರೂ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ, ಕರೆಂಟ್ ಬಿಲ್ ನೋಡಿ ಸುಸ್ತಾದೆ. ಅದನ್ನು ತೆಗೆದು ಸರ್ವೋ ಮೋಟರ್ ಹಾಕಿಸಿದ ಮೇಲೆ ಪೆಡಲ್ ಒತ್ತಿದಾಗ ಮಾತ್ರ ಓಡುತ್ತದೆ, ಹೊಸಬರೂ ನಿಧಾನಕ್ಕೆ ಮೂಲೆ ತಿರುಗಿಸುತ್ತಾರೆ. ಜನರಿಗೆ ಪೀಸ್ ರೇಟ್ ಕೊಡಿ, ಅಂದರೆ ಒಂದು ಪೀಸಿಗೆ ಇಷ್ಟು ಅಂತ, ಕೈ ತಾನಾಗೇ ಓಡುತ್ತದೆ.

ಗುಂಡುಸೂಜಿ: ಕೈ ಓಡುತ್ತದೆ, ಕಣ್ಣು ಓಡುವುದಿಲ್ಲ ಸರ್. ನಾನು ಹೊರಗೆ ಪೀಸ್ ಲೆಕ್ಕದಲ್ಲೇ 200 ಕೊಟ್ಟಿದ್ದೆ. ಸ್ಯಾಂಪಲ್‌ನಲ್ಲಿ ಒಂದೊಂದು ಹೊಲಿಗೆ 3 ಮಿ.ಮೀ. ಉದ್ದ ಇತ್ತು, ಬಂದ ಮಾಲಿನಲ್ಲಿ 5. ಹಿಡಿಕೆಗೆ ಅಡ್ಡಹೊಲಿಗೆನೇ ಇಲ್ಲ. 38 ಹಿಡಿಕೆ ರಾತ್ರಿ ಕೂತು ಬಿಚ್ಚಿ ಹಾಕಿದೆ. ಇನ್ನೊಂದು ಎಡವಟ್ಟು ಅಂದರೆ, ಬಟ್ಟೆ ಸಾಲದೆ ಮತ್ತೆ ತರಿಸಿದ ಬಟ್ಟೆಯ ತಾನು ಬೇರೆ ಡೈ ಲಾಟಿನದ್ದು, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು. ಅದೇ ನೀಲಿ ಅಂದರು. ಬಿಸಿಲಿಗೆ ಹಿಡಿದರೆ ಮುಂಭಾಗ ಒಂದು ಬಣ್ಣ, ಹಿಂಭಾಗ ಒಂದು ಬಣ್ಣ.

ಕತ್ತರಿಕೈ: ಮೊದಲ ಹತ್ತು ಪೀಸ್ ನೀವೇ ಹೋಗಿ ನೋಡಬೇಕಿತ್ತು. ಮನೆಯಲ್ಲಿ ಕೂತು ಬೈದರೆ ಏನು ಬಂತು?

ಗುಂಡುಸೂಜಿ: ಮಗುವಿಗೆ ಆರು ತಿಂಗಳು ಸರ್ ಆಗ. ನಿಮ್ಮ ಏಳು ಮೆಷಿನ್ ಮುಂದೆ ಕೂತವರಿಗೆ ಕೆಲಸ ಇಲ್ಲದ ತಿಂಗಳು ಏನು ಕೊಡುತ್ತೀರಿ, ಅದೂ ಬರೆಯಿರಿ.

ಕತ್ತರಿಕೈ: ಅದು ನನಗೂ ಅವರಿಗೂ ಬಿಟ್ಟದ್ದು.

ನೂಲುಂಡೆ: ಹಾಗಾದರೆ ಏನೂ ಕೊಡೋದಿಲ್ಲ ಅಂತ ಆಯ್ತು 😀

ಹಳೇಬಾಬಿನ್: ಜಗಳ ಸಾಕು. ಅಡ್ವಾನ್ಸ್ ಅರ್ಧ ತಗೊಳ್ಳದೆ ನಾನು ಬಟ್ಟೆಗೆ ಕತ್ತರಿ ಹಾಕೋದಿಲ್ಲ. ಒಮ್ಮೆ ಬಾಯಿಮಾತು ನಂಬಿ ಹೆಸರು ಅಚ್ಚು ಹಾಕಿದ 150 ಕವರ್ ಹೊಲಿದೆ, ಗಿರಾಕಿ ಫೋನ್ ಎತ್ತಲಿಲ್ಲ. ಬೇರೆಯವರ ಹೆಸರಿರೋ ಮಾಲು ಯಾರಿಗೆ ಮಾರೋದು? ಈಗ ನಮ್ಮ ಮನೆಯ ಮಿಕ್ಸಿಗೂ ಅದೇ ಕವರ್. ಇನ್ನು ದಾರ ನೈಲಾನ್ ಹಾಕಿ, ಗಟ್ಟಿ.

ಕತ್ತರಿಕೈ: ನೈಲಾನಾ? ಬಿಸಿಲಲ್ಲಿ ಬಿದ್ದಿರೋ ಮಾಲಿಗೆ ನೈಲಾನ್ ಬೇಗ ಸಾಯುತ್ತದೆ. ಪಾಲಿಯೆಸ್ಟರ್ ಹಾಕಿ.

ಹಳೇಬಾಬಿನ್: ಕೈಯಲ್ಲಿ ಹಿಡಿಯೋ ಬ್ಯಾಗಿಗೆ ಎಂಥ ಬಿಸಿಲು? ನಾನು ಹೊಲಿಯೋಕೆ ಶುರು ಮಾಡಿ 22 ವರ್ಷ ಆಯ್ತು.

ಪ್ರಶ್ನೆ ಕೇಳಿದವರು: ಅಡ್ವಾನ್ಸ್ ಕೇಳಿದ್ದೀನಿ, ಯೋಚಿಸಿ ಹೇಳ್ತೀವಿ ಅಂದಿದ್ದಾರೆ. ನನ್ನದು ಮನೆ ಮೆಷಿನ್, ನಾಲ್ಕು ಪದರ ಕ್ಯಾನ್ವಾಸಿಗೆ ಸೂಜಿ ಮುರಿಯುತ್ತಿದೆ.

ಹಳೇಬಾಬಿನ್: ಯಾವ ನಂಬರ್ ಸೂಜಿ?

ಪ್ರಶ್ನೆ ಕೇಳಿದವರು: 14.

ಕತ್ತರಿಕೈ: 18 ಹಾಕಿ, ನಂಬರ್ ಹೆಚ್ಚಿದಷ್ಟೂ ಸೂಜಿ ದಪ್ಪ!

ಹಳೇಬಾಬಿನ್: ಮೊದಲು 16 ಹಾಕಿ ನೋಡಲಿ ಬಿಡಿ, ಎಲ್ಲದಕ್ಕೂ ಆತುರ ನಿಮಗೆ.