ಅಮೆರಿಕದ ಪಕ್ಷಗಳ ಸಮಾವೇಶದಲ್ಲಿ ನಿಜವಾಗಿ ಅಭ್ಯರ್ಥಿ ಆಯ್ಕೆ ಆಗುತ್ತಾ?

ವಿದ್ಯಾನಗರದ ಮೇಡಂ, ದಾವಣಗೆರೆ:
ನಮಸ್ಕಾರ. ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. 2024ರಲ್ಲಿ ಡೆಮಾಕ್ರಟಿಕ್ ಪಕ್ಷದ ಷಿಕಾಗೋ ಸಮಾವೇಶ ಶುರುವಾಗುವ ಮೊದಲೇ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಕಮಲಾ ಹ್ಯಾರಿಸ್ ಹೆಸರು ಪಕ್ಷದ ಪ್ರತಿನಿಧಿಗಳ ಆನ್‌ಲೈನ್ ಮತದಾನದಲ್ಲಿ ಪಕ್ಕಾ ಆಗಿತ್ತು. ‘ಹಾಗಾದರೆ ನಾಲ್ಕು ದಿನದ ಸಮಾವೇಶ ಯಾಕೆ?’ ಅಂತ ಕ್ಲಾಸಲ್ಲಿ ಒಬ್ಬಳು ಕೇಳಿದಳು. ಮೊದಲಿಂದಲೂ ಹೀಗೇನಾ? ತಿಳಿದವರು ಬಿಡಿಸಿ ಹೇಳಿ.

ಹಳೇ ಪೇಪರ್ ಓದುಗ, ಚಿತ್ರದುರ್ಗ:
ಇಲ್ಲ ಮೇಡಂ, ಮೊದಲು ಸಮಾವೇಶವೇ ಇರಲಿಲ್ಲ. ಪಕ್ಷದ ಸಂಸದರೇ ಕೂತು ಹೆಸರು ಆರಿಸುತ್ತಿದ್ದರು. 1824ರಲ್ಲಿ ಆ ಸಭೆಗೆ ಹೆಚ್ಚಿನವರು ಹೋಗಲೇ ಇಲ್ಲ, ಪದ್ಧತಿ ಅಲ್ಲಿಗೆ ಬಿತ್ತು. 1831ರಲ್ಲಿ ಆಂಟಿ ಮೇಸನಿಕ್ ಅನ್ನೋ ಸಣ್ಣ ಪಕ್ಷ ಬಾಲ್ಟಿಮೋರ್‌ನಲ್ಲಿ ರಾಜ್ಯ ರಾಜ್ಯದ ಪ್ರತಿನಿಧಿಗಳನ್ನು ಸೇರಿಸಿ ಮೊದಲ ಸಮಾವೇಶ ಮಾಡಿತು. ದೊಡ್ಡ ಪಕ್ಷಗಳೂ ಅದೇ ದಾರಿ ಹಿಡಿದವು.

ಆಮೇಲಿನ ನೂರು ವರ್ಷ ಅಲ್ಲಿ ನಿಜವಾದ ಹಣಾಹಣಿ ನಡೆಯುತ್ತಿತ್ತು. ಮಕ್ಕಳಿಗೆ 1924ರ ಕತೆ ಹೇಳಿ. ಡೆಮಾಕ್ರಟಿಕ್ ಪಕ್ಷ ನ್ಯೂಯಾರ್ಕ್‌ನಲ್ಲಿ ಸೇರಿತ್ತು, ಗೆಲ್ಲೋಕೆ ಮೂರನೇ ಎರಡರಷ್ಟು ಮತ ಬೇಕಿತ್ತು, ಆಲ್ ಸ್ಮಿತ್‌ಗೂ ಸಿಗಲಿಲ್ಲ ಮೆಕಡೂಗೂ ಸಿಗಲಿಲ್ಲ, ಇಬ್ಬರೂ ಜಗ್ಗಲಿಲ್ಲ. ಪ್ರತಿ ಸುತ್ತಿನಲ್ಲೂ ಮೊದಲು ಅಲಬಾಮಾ ರಾಜ್ಯದ ಹೆಸರು ಕೂಗಬೇಕು, ಅವರು ಎದ್ದು ನಿಂತು ತಮ್ಮ ರಾಜ್ಯದ ಸೆನೆಟರ್ ಹೆಸರು ಹೇಳಿ ‘24 ಮತ ಅಂಡರ್‌ವುಡ್‌ಗೆ’ ಅನ್ನಬೇಕು. ರೇಡಿಯೋದಲ್ಲಿ ಅದನ್ನು ಕೇಳಿ ಕೇಳಿ ಜನರಿಗೆ ಬಾಯಿಪಾಠ ಆಗಿತ್ತು. 103ನೇ ಸುತ್ತಿನಲ್ಲಿ ಜಾನ್ ಡೇವಿಸ್ ಆಯ್ಕೆಯಾದರು, ಚುನಾವಣೆಯಲ್ಲಿ ಸೋತರು.

ತಿರುವು ಬಂದಿದ್ದು 1968ರಲ್ಲಿ. ಆಗ ಉಪಾಧ್ಯಕ್ಷರಾಗಿದ್ದ ಹಂಫ್ರಿ ಒಂದು ಪ್ರೈಮರಿಯಲ್ಲೂ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯ ರಾಜ್ಯದಲ್ಲಿ ಮತದಾರರು ಮತ ಹಾಕೋ ಚುನಾವಣೆ) ನಿಲ್ಲದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಹೊರಗೆ ಷಿಕಾಗೋ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಸೇರಿದ್ದ ಹುಡುಗರಿಗೆ ಪೊಲೀಸರು ಲಾಠಿಯಲ್ಲಿ ಹೊಡೆಯುತ್ತಿದ್ದರು, ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಮೇಲೆ ನಿಯಮ ಬದಲಾಯಿತು. 1972ರಿಂದ ಬಹುಪಾಲು ಪ್ರತಿನಿಧಿಗಳು ಯಾರ ಕಡೆ ಅಂತ ಪ್ರೈಮರಿಯಲ್ಲಿ ಮತದಾರರೇ ತೀರ್ಮಾನ ಮಾಡುತ್ತಾರೆ. ಎರಡನೇ ಸುತ್ತಿಗೆ ಹೋದ ಕೊನೆಯ ಸಮಾವೇಶ 1952ರದ್ದು.

ಹರಿಹರದ ಹುಡುಗ:
ಸರ್, ಈಗಿನದು ಬರೀ ಜಾತ್ರೆ ಅಂತ ಮಕ್ಕಳು ತಿಳಿಯಬಾರದು. ಸಾಮಾನ್ಯವಾಗಿ ಹೆಸರು ಮೊದಲೇ ಗೊತ್ತಿರೋದು ಪ್ರೈಮರಿಯಲ್ಲಿ ಮತದಾರರು ಆರಿಸಿದ್ದರಿಂದ. ಹ್ಯಾರಿಸ್ ವಿಷಯ ಬೇರೆ, ಪ್ರೈಮರಿ ಗೆದ್ದಿದ್ದ ಬೈಡನ್ ಹಿಂದೆ ಸರಿದಿದ್ದರು. ಮತದಾರರು ಆರಿಸೋದು ಒಳ್ಳೇದೇ ಅಲ್ವಾ? ನಮ್ಮಲ್ಲಿ ನೋಡಿ. ಪಟ್ಟಿ ದೆಹಲಿಯಿಂದ ಬರಬೇಕು. ನಾಮಪತ್ರದ ಕೊನೆ ದಿನ ಮಧ್ಯಾಹ್ನ 3 ಗಂಟೆಯೊಳಗೆ ಬಿ ಫಾರಂ ಚುನಾವಣಾಧಿಕಾರಿ ಕೈ ಸೇರಬೇಕು, ಅಲ್ಲಿವರೆಗೂ ಊರಿನ ಕಾರ್ಯಕರ್ತರು ಯಾರಿಗೆ ಕೊಟ್ಟರು ಅಂತ ಫೋನ್ ಹಿಡಿದು ಕಾಯುತ್ತಿರುತ್ತಾರೆ. ಇಪ್ಪತ್ತು ವರ್ಷ ಬಾವುಟ ಕಟ್ಟಿದವನಿಗೆ ಒಂದು ಮತ ಹಾಕೋ ಹಕ್ಕೂ ಇಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

2014ರಲ್ಲಿ ಕಾಂಗ್ರೆಸ್ ಕೆಲವೇ ಲೋಕಸಭಾ ಕ್ಷೇತ್ರಗಳಲ್ಲಿ ಟಿಕೆಟ್ ಯಾರಿಗೆ ಅಂತ ಪಕ್ಷದೊಳಗೇ ಮತ ಹಾಕಿಸಿ ಒಳಚುನಾವಣೆ ಮಾಡಿ ನೋಡಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಎರಡೂ ಕಡೆ ಸೋತರು. ಸೋಲಿಗೆ ಆ ಪದ್ಧತಿಯೇ ಕಾರಣ ಅಂತ ನಾನು ಒಪ್ಪೋದಿಲ್ಲ, ಆ ವರ್ಷ ಕಾಂಗ್ರೆಸ್ ದೇಶದ ತುಂಬಾ ಸೋತಿತ್ತು. ಸುಮ್ನೆ ಕೈಬಿಡಬಾರದಿತ್ತು.

ಹಳೇ ಪೇಪರ್ ಓದುಗ, ಚಿತ್ರದುರ್ಗ:
ಒಪ್ಪಿದೆ ತಮ್ಮಾ. ನಮ್ಮಲ್ಲೂ ಮತ ಹಾಕಿ ಹೆಸರು ಆರಿಸಿದ್ದುಂಟು, ಆದರೆ ನಾಲ್ಕು ಗೋಡೆಯೊಳಗೆ. 1969ರಲ್ಲಿ ನಮ್ಮ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರು. ರಾಷ್ಟ್ರಪತಿ ಸ್ಥಾನಕ್ಕೆ ಯಾರು ಅನ್ನೋದನ್ನು ಬೆಂಗಳೂರಿನಲ್ಲಿ ಪಕ್ಷದ ಸಂಸದೀಯ ಮಂಡಳಿ ತೀರ್ಮಾನಿಸಿತು, ಇಂದಿರಾ ಗಾಂಧಿಗೆ ಇಷ್ಟವಿಲ್ಲದಿದ್ದರೂ ನೀಲಂ ಸಂಜೀವ ರೆಡ್ಡಿ ಹೆಸರು ಗೆದ್ದಿತು. ಚುನಾವಣೆಯಲ್ಲಿ ಗೆದ್ದಿದ್ದು ಪಕ್ಷೇತರರಾಗಿ ನಿಂತು ಇಂದಿರಾ ಬೆಂಬಲ ಪಡೆದ ವಿ.ವಿ. ಗಿರಿ. ವರ್ಷ ಮುಗಿಯುವುದರೊಳಗೆ ಪಕ್ಷವೇ ಎರಡಾಯಿತು. ಬೆರಳೆಣಿಕೆಯ ಜನ ಆರಿಸಿದ ಹೆಸರಿಗೆ ಪಕ್ಷದೊಳಗೇ ಪೂರ್ತಿ ಬೆಂಬಲ ಇರಲಿಲ್ಲ, ಮೇಡಂ.

ವಿದ್ಯಾನಗರದ ಮೇಡಂ, ದಾವಣಗೆರೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕ್ಲಾಸಲ್ಲೇ ಒಂದು ಅಣಕು ಸಮಾವೇಶ ಮಾಡಿಸುತ್ತೇನೆ. ಆ ಮೂರನೇ ಎರಡರಷ್ಟು ನಿಯಮ ಈಗಲೂ ಇದೆಯಾ?

ಹಳೇ ಪೇಪರ್ ಓದುಗ, ಚಿತ್ರದುರ್ಗ:
ಇಲ್ಲ, 1936ರಲ್ಲಿ ತೆಗೆದರು. ಅದು ಇರೋವರೆಗೂ ದಕ್ಷಿಣದ ರಾಜ್ಯಗಳು ಒಟ್ಟಾಗಿ ತಮಗೆ ಬೇಡವಾದವರನ್ನು ತಡೆಯಬಹುದಿತ್ತು. ನಿಮ್ಮ ಕ್ಲಾಸಲ್ಲಿ ಮೊದಲು ಆ ನಿಯಮ ಇಟ್ಟು ಆಡಿಸಿ, ಆಮೇಲೆ ತೆಗೆದು ಆಡಿಸಿ.