ಜೀತವೋ ಗುಲಾಮಗಿರಿಯೋ? ಅಮೆರಿಕದ ಅಂತರ್ಯುದ್ಧದ ಮೂರು ಪದಗಳು

ಎಲ್ಲರಿಗೂ ನಮಸ್ಕಾರ.

ನಾನಿರುವುದು ವರ್ಜೀನಿಯಾದಲ್ಲಿ. ಹೋದ ತಿಂಗಳು ಊರಿಂದ ಬಂದಿದ್ದ ಅಪ್ಪನನ್ನು ಹ್ಯಾಂಪ್ಟನ್‌ನ ಫೋರ್ಟ್ ಮನ್ರೋಗೆ ಕರೆದುಕೊಂಡು ಹೋಗಿದ್ದೆ. ದಪ್ಪ ಕಲ್ಲಿನ ಕೋಟೆ, ಸುತ್ತ ನೀರು ತುಂಬಿದ ಕಂದಕ. 1861ರ ಮೇ 23ರ ರಾತ್ರಿ ಮೂವರು ತಪ್ಪಿಸಿಕೊಂಡು ಬಂದು ಆಶ್ರಯ ಕೇಳಿದ್ದು ಇಲ್ಲೇ ಅಂತ ಹೇಳುತ್ತಿದ್ದೆ. ಅಪ್ಪನಿಗೆ ಬೇಗ ಅರ್ಥವಾಗಲಿ ಎಂದು ‘ಜೀತದಾಳುಗಳು’ ಅಂದೆ. ಅಪ್ಪ ನಡೆಯುತ್ತಿದ್ದವರು ನಿಂತರು. “ಜೀತ ಅಂದ್ರೆ ಸಾಲ ತೀರೋ ತನಕ ಅಲ್ವೇನೋ? ಇವ್ರು ಯಾರ ಹತ್ರ ಸಾಲ ಮಾಡಿದ್ರು?”

ಉತ್ತರ ತೋಚಲಿಲ್ಲ. ಇಲ್ಲಿನ ಕನ್ನಡ ಕಲಿಯುವ ಮಕ್ಕಳಿಗೆ ಈ ಯುದ್ಧದ ಬಗ್ಗೆ ಎರಡು ಪುಟ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೇನೆ. ಅದರಲ್ಲೂ ಎಲ್ಲ ಕಡೆ ಜೀತ ಅಂತಲೇ ಬರೆದಿದ್ದೆ. ಈಗ ಅನುಮಾನ ಶುರುವಾಗಿದೆ.

ಅಪ್ಪ ಜೀತವನ್ನು ಕಣ್ಣಾರೆ ಕಂಡವರು. ಮದುವೆಗೋ ಕಾಯಿಲೆಗೋ ಸಾಲ ತೆಗೆದು, ಅದಕ್ಕೆ ಮಗನನ್ನು ಸಾಹುಕಾರನ ಮನೆಯಲ್ಲಿ ಬಿಡುವುದು. ಸಾಲ ತೀರುತ್ತಿರಲಿಲ್ಲ, ಮಗ ಮುದುಕನಾಗುತ್ತಿದ್ದ. 1976ರ ಕಾಯ್ದೆ ರದ್ದು ಮಾಡಿದ್ದು ಇದನ್ನೇ. ಇನ್ನೂ ಹಿಂದಕ್ಕೆ ಹೋದರೆ ಜೀತ ಎಂದರೆ ಬರೀ ಸಂಬಳ, ‘ಜೀವಿತ’ದಿಂದ ಬಂದ ಪದ. ಕಿಟೆಲ್ ನಿಘಂಟಿನಲ್ಲೂ ಕೂಲಿ, ಸಂಬಳ ಎಂಬ ಅರ್ಥ ಇದೆ.

ಇಲ್ಲಿ ಸಂಬಳವೂ ಇರಲಿಲ್ಲ, ಸಾಲವೂ ಇರಲಿಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಅಪ್ಪ ಯಾರಾದರೂ ಸರಿ, ಯಜಮಾನನೇ ಆದರೂ ಸರಿ. ಮಾರಬಹುದು, ಬಾಡಿಗೆಗೆ ಕೊಡಬಹುದು, ಉಯಿಲಿನಲ್ಲಿ ಮಕ್ಕಳಿಗೆ ಬರೆದಿಡಬಹುದು. 1860ರ ಜನಗಣತಿಯಲ್ಲಿ ಇಂಥವರು ಸುಮಾರು 39.5 ಲಕ್ಷ ಮಂದಿ. ಸಾಲ ಇತ್ತು, ಆದರೆ ಯಜಮಾನರದು. ಆ ಸಾಲಕ್ಕೆ ಅಡವಿಡುತ್ತಿದ್ದದ್ದು ಈ ಜನರನ್ನು. ಅಪ್ಪನಿಗೆ ಇಷ್ಟು ಹೇಳಬೇಕಿತ್ತು, ಮನೆಗೆ ಬಂದ ಮೇಲೆ ಹೊಳೆಯಿತು.

ಇನ್ನೊಂದು ತಮಾಷೆ ನೋಡಿ. ಅಮೆರಿಕದ ಮೂಲ ಸಂವಿಧಾನದಲ್ಲಿ ಗುಲಾಮ ಎಂಬ ಪದವೇ ಇಲ್ಲ. ತಪ್ಪಿಸಿಕೊಂಡವರನ್ನು ವಾಪಸ್ ಕೊಡಬೇಕು ಎನ್ನುವ ಕಡೆ, ‘ಸೇವೆಗೋ ದುಡಿಮೆಗೋ ಕಟ್ಟುಬಿದ್ದ ವ್ಯಕ್ತಿ’ ಎಂಬಂಥ ಮಾತಿದೆ. ಇದನ್ನು ಕನ್ನಡ ಮಾಡಿದರೆ ತಾನಾಗಿ ‘ಜೀತದಾಳು’ ಅಂತಲೇ ಬರುತ್ತದೆ! ಅಂದರೆ ಅವರು ಬೇಕೆಂದೇ ಮುಚ್ಚಿಟ್ಟದ್ದನ್ನು ನಾನು ಗೊತ್ತಿಲ್ಲದೆ ಮುಚ್ಚುತ್ತಿದ್ದೆ. ಗುಲಾಮಗಿರಿ ಎಂಬ ಮಾತು ಆ ಸಂವಿಧಾನದೊಳಗೆ ಬಂದದ್ದು 1865ರ 13ನೇ ತಿದ್ದುಪಡಿಯಲ್ಲಿ, ಅದನ್ನು ರದ್ದು ಮಾಡುವಾಗ. ಆ ತಿದ್ದುಪಡಿ ಎರಡನ್ನು ಬೇರೆಬೇರೆಯಾಗಿ ಹೇಳುತ್ತದೆ: ಗುಲಾಮಗಿರಿಯೂ ಕೂಡದು, ಬಲವಂತದ ದುಡಿತವೂ ಕೂಡದು. ಎರಡನೆಯದಕ್ಕೆ ಜೀತ ಹೊಂದುತ್ತದೆ ಅನ್ನಿಸುತ್ತದೆ. ಮೊದಲನೆಯದಕ್ಕೂ ಅದನ್ನೇ ಖರ್ಚು ಮಾಡಿಬಿಟ್ಟರೆ ಎರಡನೆಯದಕ್ಕೆ ಪದ ಎಲ್ಲಿಂದ ತರುವುದು?

ಹಾಗಾಗಿ ‘ಗುಲಾಮ’ಕ್ಕೇ ವಾಲಿದ್ದೇನೆ. ಅರಬ್ಬಿಯಲ್ಲಿ ಅದು ಹುಡುಗ ಅಂತ. ನಮ್ಮ ಮಕ್ಕಳಿಗೆ ಗೊತ್ತಿರುವುದು ಇಸ್ಪೀಟಿನ ಗುಲಾಮ. ಇಪ್ಪತ್ತೆಂಟು ಆಡುವಾಗ ಅವನೇ ರಾಜನಿಗಿಂತ ದೊಡ್ಡೆಲೆ, ಇರಲಿ. ತೊಂದರೆ ಬೇರೆ ಇದೆ. ಇಲ್ಲಿನ ಮ್ಯೂಸಿಯಂಗಳಲ್ಲಿ ಈಗ ಸುಮ್ನೆ ಗುಲಾಮರು ಎನ್ನುವುದಿಲ್ಲ. ಅವರು ಹುಟ್ಟಾ ಗುಲಾಮರಲ್ಲ, ಯಾರೋ ಮಾಡಿದ್ದು ಎಂದು ತೋರುವ ಹಾಗೆ ಬರೆಯುತ್ತಾರೆ. ‘ಗುಲಾಮರಾಗಿಸಲ್ಪಟ್ಟವರು’ ಅಂತ ಬರೆದು ನಾನೇ ಹೊಡೆದುಹಾಕಿದೆ. ‘ಗುಲಾಮಗಿರಿಗೆ ತಳ್ಳಿದವರು’ ಎಂದರೆ ತಳ್ಳಿದವನೂ ಅವನೇ, ಬಿದ್ದವನೂ ಅವನೇ! ‘ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಜನ’ ಹೇಗಿದೆ? ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ಎರಡನೆಯದು, ರಾಜ್ಯಗಳು ದೇಶ ಬಿಟ್ಟು ಹೋಗುವುದಕ್ಕೆ ಏನನ್ನಬೇಕು ಎಂಬುದು. ಗುಲಾಮಗಿರಿ ಹರಡುವುದನ್ನು ವಿರೋಧಿಸುತ್ತಿದ್ದ ಲಿಂಕನ್ ಅಧ್ಯಕ್ಷರ ಚುನಾವಣೆಯಲ್ಲಿ ಗೆದ್ದದ್ದೇ ತಡ, 1860ರ ಡಿಸೆಂಬರ್ 20ರಂದು ಸೌತ್ ಕ್ಯಾರೊಲಿನಾ ಹೊರಟಿತು. ಕೊನೆಗೆ ಹೋದವು 11. ನಮ್ಮ ಪತ್ರಿಕೆಗಳ ರೂಢಿಯಂತೆ ‘ಪ್ರತ್ಯೇಕತೆ’ ಎಂದು ಬರೆದೆ. ಆದರೆ ನಮ್ಮಲ್ಲಿ ‘ಪ್ರತ್ಯೇಕ ರಾಜ್ಯ ಬೇಕು’ ಎಂದರೆ ದೇಶದೊಳಗೇ ಇನ್ನೊಂದು ರಾಜ್ಯ. 1863ರಲ್ಲಿ ವರ್ಜೀನಿಯಾದಿಂದ ಒಡೆದು ವೆಸ್ಟ್ ವರ್ಜೀನಿಯಾ ಆಯಿತಲ್ಲ, ಅದು ಪ್ರತ್ಯೇಕ ರಾಜ್ಯ. ಒಂದೇ ಪುಟದಲ್ಲಿ ಎರಡೂ ಬಂದರೆ ಓದುವವರು ಕಂಗಾಲು. ‘ಒಕ್ಕೂಟ ತೊರೆದವು’ ಎನ್ನೋಣ ಎಂದರೆ, ಹೋದವರು ಕಟ್ಟಿಕೊಂಡ ‘ಕಾನ್ಫೆಡರಸಿ’ಯನ್ನೂ ನಾವು ಒಕ್ಕೂಟ ಎಂದೇ ಕರೆಯುತ್ತೇವೆ. ಅದೂ ಅಲ್ಲದೆ, ಅವು ನಿಜವಾಗಿ ಹೋದವು ಎಂದು ಲಿಂಕನ್ ಕೊನೆಯವರೆಗೂ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಅದು ದಂಗೆ. ನಮ್ಮಲ್ಲಿ 1857ನ್ನು ಕೆಲವರು ದಂಗೆ, ಕೆಲವರು ಸಂಗ್ರಾಮ ಎಂದ ಹಾಗೆ. ಸದ್ಯಕ್ಕೆ ‘ದೇಶದಿಂದ ಬೇರೆಯಾದೆವು ಎಂದು ಸಾರಿದವು’ ಎಂದು ಉದ್ದಕ್ಕೆ ಬರೆದಿದ್ದೇನೆ. ‘ಸಿವಿಲ್ ವಾರ್’ಗೆ ‘ನಾಗರಿಕ ಯುದ್ಧ’ ಎಂದು ಮಾತ್ರ ಯಾರೂ ಸೂಚಿಸಬೇಡಿ. ಅಂತರ್ಯುದ್ಧ ಚೆನ್ನಾಗಿಯೇ ಇದೆ.

ಮೂರನೆಯದು ಆ ಮೂವರಿಗೆ ಬಿದ್ದ ಹೆಸರು. ಫ್ರಾಂಕ್ ಬೇಕರ್, ಶೆಪರ್ಡ್ ಮಲೋರಿ, ಜೇಮ್ಸ್ ಟೌನ್‌ಸೆಂಡ್. ದಕ್ಷಿಣದ, ಅಂದರೆ ಬೇರೆಯಾದ ರಾಜ್ಯಗಳ, ಸೇನೆಗೆ ಫಿರಂಗಿ ಕಟ್ಟೆ ಕಟ್ಟಲು ಅವರನ್ನು ಹಚ್ಚಿದ್ದರು. ಫೋರ್ಟ್ ಮನ್ರೋ ಮಾತ್ರ ಲಿಂಕನ್ ಸರ್ಕಾರದ ಸೇನೆಯ ಕೈಯಲ್ಲೇ ಇತ್ತು. ಮಾರನೆಯ ದಿನ ಯಜಮಾನನ ಪರವಾಗಿ ಒಬ್ಬ ಮೇಜರ್ ಬಿಳಿ ಬಾವುಟ ಹಿಡಿದು ಬಂದು, ಕಾನೂನಿನ ಪ್ರಕಾರ ವಾಪಸ್ ಕೊಡಿ ಎಂದ. ಕೋಟೆಯ ಜನರಲ್ ಬಟ್ಲರ್ ವಕೀಲ. ನೀವೇ ಬೇರೆ ದೇಶ ಎನ್ನುತ್ತೀರಿ, ಬೇರೆ ದೇಶಕ್ಕೆ ನಮ್ಮ ಕಾನೂನು ಯಾಕೆ, ಎಂದುಬಿಟ್ಟ. ಶತ್ರು ಯುದ್ಧಕ್ಕೆ ಬಳಸುವ ಸೊತ್ತನ್ನು ಹಿಡಿದಿಟ್ಟುಕೊಳ್ಳಬಹುದು, ಹಾಗಾಗಿ ಇವರು ‘ಕಾಂಟ್ರಾಬ್ಯಾಂಡ್’. ಆಮೇಲೆ ಸಾವಿರಾರು ಜನ ಓಡಿಬಂದರು, ಎಲ್ಲರಿಗೂ ಅದೇ ಹೆಸರು ಅಂಟಿತು.

ನಿಘಂಟು ನೋಡಿದರೆ ‘ಕಳ್ಳಸಾಗಣೆ ಮಾಲು’, ‘ನಿಷಿದ್ಧ ವಸ್ತು’. ಎರಡೂ ಇಲ್ಲಿ ಸಲ್ಲುವುದಿಲ್ಲ. ನನಗೆ ಹಿಡಿಸಿದ್ದು ‘ಜಪ್ತಿ ಮಾಲು’. ಅಮೀನ ಮನೆ ಬಾಗಿಲಿಗೆ ಬಂದ ನೆನಪು ಅದರಲ್ಲಿದೆ. ಮನುಷ್ಯರನ್ನು ಮಾಲು ಎಂದದ್ದರಿಂದಲೇ ಅವರು ಉಳಿದುಕೊಂಡರು ಎಂಬ ವಿಚಿತ್ರವೂ ಉಳಿಯುತ್ತದೆ. ಆದರೆ ಹತ್ತು ವರ್ಷದ ಮಕ್ಕಳು ಓದುವ ಪುಟದಲ್ಲಿ ‘ಜಪ್ತಿ ಮಾಲಿನವರು’ ಎಂದು ಬರೆಯಲು ಕೈ ಹಿಂಜರಿಯುತ್ತಿದೆ. ಕೋರ್ಟು, ಕಂದಾಯದ ಭಾಷೆ ಗೊತ್ತಿರುವವರು ಬೇರೆ ಪದ ಇದ್ದರೆ ತಿಳಿಸಿ. ಪುಟ ಅಚ್ಚಿಗೆ ಹೋಗಲು ಇನ್ನೂ ಒಂದು ವಾರ ಇದೆ.