ಹೆಮ್ಮರಗಳನ್ನು ನೋಡಿ ಬರುವುದು, ಚಿತ್ರ ತೆಗೆಯುವುದು: ಅನುಭವ ಹಂಚಿಕೆ

ಕೋರಿಕೆ

ನಿವೃತ್ತರಾದ ತಂದೆಯವರೊಡನೆ ನಮ್ಮ ನಾಡಿನ ದೊಡ್ಡ, ಹಳೆಯ ಮರಗಳನ್ನು ನೋಡಿ ಬರಬೇಕೆಂಬ ಆಸೆಯಿದೆ. ನಾವಿರುವುದು ಬೆಂಗಳೂರಿನಲ್ಲಿ. ತಂದೆಯವರಿಗೆ ಹೆಚ್ಚು ದೂರ ನಡೆಯಲಾಗದು. ನನ್ನ ಬಳಿ ಸಾಧಾರಣ ಕ್ಯಾಮೆರಾ ಮತ್ತು ಮೊಬೈಲ್ ಇವೆ. ಎದುರಿಗೆ ನಿಂತಾಗ ಬೆರಗು ಹುಟ್ಟಿಸುವ ಮರ ಚಿತ್ರದಲ್ಲಿ ಮಾತ್ರ ಬೇರೆಲ್ಲ ಮರಗಳಂತೆಯೇ ಕಾಣುತ್ತದೆ. ಎಲ್ಲಿಂದ ಆರಂಭಿಸಬೇಕು, ಹೇಗೆ ತೆಗೆಯಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಬೆಂಗಳೂರಿನವರೊಬ್ಬರ ಉತ್ತರ

ತಂದೆಯವರು ಜೊತೆಗಿರುವುದರಿಂದ ಕೆಂಗೇರಿಯ ಆಚೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರದಿಂದಲೇ ಆರಂಭಿಸಿ. ವಾಹನ ಹತ್ತಿರದವರೆಗೂ ಹೋಗುತ್ತದೆ, ಹೆಚ್ಚು ನಡೆಯಬೇಕಾಗಿಲ್ಲ. ಸುಮಾರು 400 ವರ್ಷದ್ದೆಂದು ಹೇಳಲಾಗುವ ಈ ಮರ ಸುಮಾರು 3 ಎಕರೆಯಷ್ಟು ನೆಲವನ್ನು ಆವರಿಸಿದೆ. ಆದರೆ ಅಲ್ಲಿಗೆ ಹೋದವರು ಮೊದಲು ಹುಡುಕುವುದು ನಡುವಿನ ಬೊಡ್ಡೆಯನ್ನು, ಆ ಬೊಡ್ಡೆಯೇ ಈಗ ಇಲ್ಲ. 2000ದ ದಶಕದ ಆರಂಭದಲ್ಲಿ ರೋಗ ತಗುಲಿ ಮೂಲ ಕಾಂಡ ನಾಶವಾಯಿತು, ನೆಲಕ್ಕಿಳಿದು ಬೇರೂರಿದ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಹೀಗಾಗಿ ಮೊದಲ ನೋಟಕ್ಕೆ ಅದು ಒಂದು ಮರವೆನಿಸದೆ ತೋಪಿನಂತೆ ಕಾಣುತ್ತದೆ, ಚಿತ್ರದಲ್ಲಂತೂ ಇನ್ನೂ ಹೆಚ್ಚು. ಇದಕ್ಕೆ ನಾನು ಕಂಡುಕೊಂಡ ಪರಿಹಾರವೆಂದರೆ, ನೆಲಕ್ಕೆ ಸಮಾನಾಂತರವಾಗಿ ದೂರದವರೆಗೂ ಚಾಚಿರುವ ಒಂದು ಕೊಂಬೆಯನ್ನು ಆರಿಸಿಕೊಂಡು, ಅದರಿಂದ ಇಳಿದ ಬಿಳಲುಗಳೆಲ್ಲ ಒಂದೇ ಫ್ರೇಮಿನಲ್ಲಿ ಬರುವಂತೆ ಅದಕ್ಕೆ ಎದುರಾಗಿ ನಿಲ್ಲುವುದು. ಆಗ ಇದೆಲ್ಲವೂ ಒಂದೇ ಮರವೆಂಬುದು ನೋಡುವವರಿಗೆ ಹೇಳದೆಯೇ ತಿಳಿಯುತ್ತದೆ.

ದೊಡ್ಡ ಮರ ಚಿತ್ರದಲ್ಲಿ ಸಣ್ಣದಾಗುವುದಕ್ಕೆ ಮುಖ್ಯ ಕಾರಣ ಅಳತೆಗೆ ಅಲ್ಲೇನೂ ಇಲ್ಲದಿರುವುದು. ತಂದೆಯವರನ್ನೇ ನಿಲ್ಲಿಸಿ, ಆದರೆ ಅವರು ಕ್ಯಾಮೆರಾದ ಹತ್ತಿರ ನಿಲ್ಲದೆ ಕಾಂಡದ ಪಕ್ಕದಲ್ಲೇ ಇರಬೇಕು. ಮುಂದೆ ನಿಂತ ವ್ಯಕ್ತಿ ದೊಡ್ಡದಾಗಿ ಕಾಣುತ್ತ ಹಿಂದಿನ ಮರವನ್ನು ಕುಗ್ಗಿಸಿಬಿಡುತ್ತಾರೆ. ಎರಡನೆಯ ಕಾರಣ, ಇಡೀ ಮರವನ್ನು ಹಿಡಿಯುವ ಆತುರದಲ್ಲಿ ಹತ್ತಿರದಿಂದಲೇ ವೈಡ್ ಲೆನ್ಸ್ ಬಳಸುವುದು. ಅದರಲ್ಲಿ ಹತ್ತಿರದ ಬಿಳಲು ಹಿಗ್ಗಿ, ಹಿಂದಿರುವುದೆಲ್ಲ ದೂರ ಸರಿದು ಚಿಕ್ಕದಾಗುತ್ತದೆ. ಜಾಗವಿದ್ದಲ್ಲೆಲ್ಲ ಹಿಂದೆ ಸರಿದು, ಸ್ವಲ್ಪ ಜೂಮ್ ಮಾಡಿ ತೆಗೆಯಿರಿ.

ಬೆಳಕಿನ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ: ಆಲದ ಮರಕ್ಕೆ ಮೋಡದ ದಿನವೇ ಸರಿ. ಬಿಸಿಲಿದ್ದರೆ ಎಲೆಗಳ ಸಂದಿಯಿಂದ ಬಿದ್ದ ಬಿಳಿ ಮಚ್ಚೆಗಳು ಕಣ್ಣಿಗೆ ಹೊಡೆದು, ಕಾಂಡಗಳು ಕಪ್ಪಾಗಿ ಮುಳುಗಿಹೋಗುತ್ತವೆ. ಮಳೆ ನಿಂತ ಮೇಲಿನ ಒಂದು ಗಂಟೆ ಇನ್ನೂ ಚೆನ್ನ, ಏಕೆಂದರೆ ತೊಗಟೆ ತೊಯ್ದು ಬಣ್ಣ ಗಾಢವಾಗಿರುತ್ತದೆ. ಅಲ್ಲಿ ಕೋತಿಗಳು ಬಹಳ, ಕೈಯಲ್ಲಿ ತಿಂಡಿಯ ಪೊಟ್ಟಣ ಬೇಡ.

ಅದೇ ದಿನವಲ್ಲದಿದ್ದರೂ ಇನ್ನೊಮ್ಮೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿಗೆ ಹೋಗಿ. 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ, 54 ಎಕರೆಯ ಜಾಗವದು. ಒಳಗೆ ಟೊಳ್ಳಾಗಿ, ತಿರುಚಿಕೊಂಡು ನಿಂತ ಮುದಿ ಹುಣಸೆಗಳ ಕಾಂಡವನ್ನಷ್ಟೇ ಹತ್ತಿರದಿಂದ ತೆಗೆದರೂ ವಯಸ್ಸು ಕಾಣುತ್ತದೆ. ಚಿತ್ರಕ್ಕಾಗಿ ಆ ಟೊಳ್ಳುಗಳೊಳಗೆ ಇಳಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಒಂದು ಇಡೀ ದಿನ ಬಿಡುವಿದ್ದರೆ ಆಂಧ್ರದ ಕದಿರಿಯ ಬಳಿಯ ತಿಮ್ಮಮ್ಮ ಮರ್ರಿಮಾನು ನೋಡಲೇಬೇಕಾದದ್ದು. 19,107 ಚದರ ಮೀಟರ್ ಹರವಿನ ಈ ಆಲ 1989ರಲ್ಲಿ ಗಿನ್ನೆಸ್ ದಾಖಲೆ ಸೇರಿತು, ಅದನ್ನು ಹೊರಜಗತ್ತಿನ ಗಮನಕ್ಕೆ ತಂದವರು ನಮ್ಮ ಬೆಂಗಳೂರಿನ ಛಾಯಾಗ್ರಾಹಕ, ಪತ್ರಕರ್ತ ರಿಗ್ರೆಟ್ ಅಯ್ಯರ್. ಹೆಮ್ಮರದ ಚಿತ್ರ ತೆಗೆಯುವುದರಿಂದ ಆ ಮರಕ್ಕೂ ಒಳಿತಾಗಬಹುದು ಎಂಬ ನಂಬಿಕೆ ನನಗೆ ಬಂದದ್ದು ಅವರಿಂದ.

ಹಾವೇರಿ ಕಡೆಯವರೊಬ್ಬರ ಉತ್ತರ

ಮೇಲಿನವರು ಹೇಳಿದ ಮೋಡದ ದಿನದ ಮಾತು ಆಲಕ್ಕೆ ಸರಿ, ನಮ್ಮ ಸವಣೂರಿನ ದೊಡ್ಡ ಹುಣಸೆ ಮರಗಳಿಗೆ ಮಾತ್ರ ಅದು ಒಗ್ಗದು. ಹೆಸರು ಹುಣಸೆಯಾದರೂ ಇವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು, ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿವೆ. ಇವುಗಳ ದೊಡ್ಡತನವೆಲ್ಲ ಬೊಡ್ಡೆಯ ದಪ್ಪದಲ್ಲಿದೆ, ಎತ್ತರದಲ್ಲಿಲ್ಲ. ನೀರು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ಕಾಂಡವು ಮಡಿಕೆಮಡಿಕೆಯಾಗಿ ಆನೆಯ ಕಾಲಿನಂತೆ ಕಾಣುತ್ತದೆ. ಆ ಮಡಿಕೆಗಳು ಚಿತ್ರದಲ್ಲಿ ಮೂಡಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಇಡೀ ಮರಕ್ಕೆ ಆಸೆಪಡದೆ, ಬೊಡ್ಡೆಯೇ ಫ್ರೇಮನ್ನು ತುಂಬುವಂತೆ ಮಾಡಿ, ತಂದೆಯವರು ಅದರ ಪಕ್ಕದಲ್ಲಿ ನಿಂತರೆ ಸಾಕು. ಬೇಸಿಗೆಯಲ್ಲಿ ಎಲೆ ಉದುರಿ ಕೊಂಬೆಗಳ ವಿನ್ಯಾಸ ಪೂರ್ತಿ ಕಾಣುತ್ತದೆ. ಮಳೆಗಾಲದಲ್ಲಿ ಎಲೆ ತುಂಬಿ, ತೂಗುವ ದೊಡ್ಡ ಬಿಳಿ ಹೂಗಳು ಸಂಜೆಯ ಹೊತ್ತಿಗೆ ಅರಳುತ್ತವೆ. ಎರಡು ಕಾಲದಲ್ಲೂ ಬಂದರೆ ಒಳ್ಳೆಯದು.

2023ರ ಜುಲೈ ತಿಂಗಳ ಮಳೆಯಲ್ಲಿ ಇಲ್ಲಿನ ಮೂರರಲ್ಲಿ ಒಂದು ಮರ ಉರುಳಿತು, ಆಮೇಲೆ ಅದನ್ನು ಎತ್ತಿ ಮರುನಾಟಿ ಮಾಡಲಾಯಿತು. ಅಂದಿನಿಂದ ಬರುವವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ. ಮರಕ್ಕೆ ನೀರನ್ನೂ ಪೋಷಕಾಂಶವನ್ನೂ ಹೀರಿ ಕೊಡುವ ಸಣ್ಣ ಬೇರುಗಳು ಬಹುಪಾಲು ಇರುವುದು ಮೇಲ್ಮಣ್ಣಿನಲ್ಲೇ. ಬುಡದ ಸುತ್ತ ಜನ ತುಳಿದಷ್ಟೂ ಮಣ್ಣು ಗಟ್ಟಿಯಾಗಿ, ಗಾಳಿಯೂ ನೀರೂ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಬುಡದ ಬಳಿ ಒಬ್ಬರು ನಿಂತರೆ ಸಾಕು, ಉಳಿದವರು ದೂರದಲ್ಲಿರಲಿ. ತೊಗಟೆಯ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಸುಮ್ಮನೆ ಬರಬೇಡಿ, ತಡೆಯಿರಿ. ಮಠದ ಜಾಗವಾದ್ದರಿಂದ ಕ್ಯಾಮೆರಾ ತೆಗೆಯುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳುವುದು ಲೇಸು.

ಚಾಮರಾಜನಗರದವರೊಬ್ಬರ ಉತ್ತರ

ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆಯನ್ನು ಪಟ್ಟಿಯ ಕೊನೆಯಲ್ಲಿ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ಭಾರ್ಗವಿ ಹೊಳೆಯ ದಡದಲ್ಲಿರುವ ಈ ಮರ ಇಲ್ಲಿನ ಬುಡಕಟ್ಟು ಜನರಾದ ಸೋಲಿಗರಿಗೆ ದೇವರು. ಸುತ್ತಲಿರುವ ಕಲ್ಲುಗಳೂ ಪೂಜೆ ಪಡೆಯುವಂಥವು, ಚಿತ್ರಕ್ಕೆ ಅಡ್ಡವೆಂದು ಅವನ್ನು ಸರಿಸಬಾರದು, ಅವುಗಳ ಮೇಲೆ ಟ್ರೈಪಾಡ್ ಊರಬಾರದು. ಚಪ್ಪಲಿಯನ್ನು ದೂರದಲ್ಲೇ ಬಿಡಬೇಕು. 2011ರಿಂದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ, ಅದೇ ವರ್ಷ ಸೋಲಿಗರಿಗೆ ಇಲ್ಲಿ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಡ್ರೋನ್ ಒಯ್ಯುವ ಯೋಚನೆಯೇ ಬೇಡ.

ದಟ್ಟ ಕಾಡಿನಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ, ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಮರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಮೊಬೈಲನ್ನು ಅಡ್ಡ ಹಿಡಿದು, ಪನೋರಮಾದಲ್ಲಿ ಬುಡದಿಂದ ನೆತ್ತಿಯವರೆಗೆ ನಿಧಾನವಾಗಿ ಮೇಲಕ್ಕೆ ಸರಿಸುತ್ತ ಹೋಗಿ. ಕ್ಯಾಮೆರಾ ಆದರೆ ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ) ಬದಲಾಗದಂತೆ ಲಾಕ್ ಮಾಡಿ, ಒಂದು ಚಿತ್ರದ ಮೂರನೆಯ ಒಂದು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ಬಿಡಿಬಿಡಿಯಾಗಿ ತೆಗೆದು, ಮನೆಯಲ್ಲಿ ಜೋಡಿಸಿ. ಕೊಂಬೆಗಳ ನಡುವಿನ ಆಕಾಶ ಬೆಳ್ಳಗಾದರೆ ಆಗಲಿ, ಕಾಂಡದ ವಿವರ ಉಳಿಯುವುದು ಮುಖ್ಯ.

ತಂದೆಯವರು ಎಷ್ಟು ನಡೆಯಬೇಕಾದೀತು, ಆ ದಿನ ವಾಹನ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಅನುಮತಿ ಕೇಳುವಾಗಲೇ ವಿಚಾರಿಸಿಕೊಳ್ಳಿ, ಸಾಧ್ಯವಾದರೆ ಸೋಲಿಗರೊಬ್ಬರು ಜೊತೆಗೆ ಬರುವಂತೆ ಕೇಳಿಕೊಳ್ಳಿ.